ಗುಡ್ಡ ಹತ್ತದ ಟ್ಯಾಂಕರ್

ಟ್ಯಾಂಕರ್ ಗುಡ್ಡ ಹತ್ತೋದನ್ನು ನಿಲ್ಲಿಸಿತ್ತು. ಹತ್ತಿ ಬಿತ್ತುವಾಗ ನಿಂತದ್ದು, ಕಾಯಿ ಬಲಿಯುವ ಹೊತ್ತು ಬಂದರೂ ಹತ್ತಿರಲಿಲ್ಲ. ಕೇಳಿದರೆ ಎಂಜಿನ್ ಕಾಯುತ್ತೆ ಅಂದರು. ಮಿಸ್ಸಿಂಗ್ ಹೊಡೆಯುತ್ತೆ ಅಂದರು. ಮುದಿ ಗಾಡಿ, ಏನ್ ಮಾಡೋಕಾಗುತ್ತೆ ಅಂದರು. ಅದೇ ಮುದಿ ಗಾಡಿ ಕೆಳಗೆ ಚಿನೋರ್ ಪಟ್ಟಣದಲ್ಲಿ ದಿನಾ ಓಡಾಡುತ್ತಿತ್ತು. ಹೊಸ ಬಡಾವಣೆಯ ಮನೆಗಳಿಗೆ ನೀರು ಹಾಕುತ್ತಿತ್ತು. ಗುಲಾಬಿ ಗಿಡಗಳಿಗೆ ಹಾಕುತ್ತಿತ್ತು. ಧೂಳು ಏಳಬಾರದು ಅಂತ ಕಚೇರಿ ಮುಂದಿನ ರಸ್ತೆಗೂ ಹಾಕುತ್ತಿತ್ತು. ಗುಡ್ಡದ ಮೇಲಿನ ಜನ ಅಂದರೆ ಮಾತ್ರ ಅದಕ್ಕೆ ಜ್ವರ ಬರುತ್ತಿತ್ತು.

ಗುಡ್ಡದ ಮೇಲಿದ್ದವರು ಮುಗತ್ ಜನ. ಹಾಗಂತ ತಮ್ಮನ್ನು ಕರೆದುಕೊಳ್ಳೋರು ಅವರೇ. ಪಟ್ಟಣದ ಬಾಯಲ್ಲಿ ಅವರು ಜೂಗಿಗಳು. ಗುಜರಿ ಆಯುವವರು, ಬೇಡುವವರು, ಅಂಗಡಿ ಬಾಗಿಲಲ್ಲಿ ಗಿಡದ ಹೊಗೆ ಹಾಕಿ ದೃಷ್ಟಿ ತೆಗೆಯುವವರು. ದೃಷ್ಟಿ ತೆಗೆಸಿಕೊಳ್ಳೋಕೆ ಜೂಗಿ ಬೇಕು. ಬಸ್ಸಲ್ಲಿ ಪಕ್ಕದ ಸೀಟಿಗೆ ಬೇಡ. ಹಳೇ ಸರ್ಕಾರ ಹೋಗಿ ಹೊಸ ಸರ್ಕಾರ ಬಂತು, ಬಾವುಟ ಬದಲಾಯಿತು, ಗುಡ್ಡಕ್ಕೆ ನಲ್ಲಿ ಮಾತ್ರ ಯಾವ ಸರ್ಕಾರವೂ ತರಲಿಲ್ಲ.

ಪಟ್ಟಣದ ಯಾವ ನಲ್ಲಿಗೂ ಜೂಗಿ ಕೈ ಹಾಕೋ ಹಾಗಿರಲಿಲ್ಲ. ಟ್ಯಾಂಕರ್ ನಿಂತ ಮೇಲೆ ಹೆಂಗಸರು ಕಾಲುವೆಗೆ ಇಳಿದರು. ಹತ್ತಿ ಹೊಲಗಳ ಔಷಧಿ, ಸತ್ತ ನಾಯಿ, ಪಟ್ಟಣದ ಬಚ್ಚಲು, ಎಲ್ಲ ಬಂದು ಸೇರುವ ಕಾಲುವೆ. ಎರಡೂ ಕೈಗೆ ಕ್ಯಾನು, ಮೂರು ತಿರುವು ಏರು, ತಲೆ ಮೇಲೆ ಬಿಸಿಲು. ಅನೋರಳ ಅಂಗೈಯಲ್ಲಿ ಕ್ಯಾನಿನ ಹಿಡಿಕೆ ಕೂತ ಕಡೆ ಚರ್ಮ ಎದ್ದು, ಒಣಗಿ, ಮತ್ತೆ ಏಳುತ್ತಿತ್ತು. ಅವಳು ಅದಕ್ಕೆ ಅಳಲಿಲ್ಲ. ಅತ್ತದ್ದು ಮಗಳು ನಿಗೋರಾಳ ಕಣ್ಣು ಹಳದಿಯಾದಾಗ.

ಆಸ್ಪತ್ರೆಯ ನರ್ಸು ಬಾಗಿಲಲ್ಲೇ ನಿಲ್ಲಿಸಿ ನೋಡಿದಳು.

"ಕಾಮಾಲೆ. ಕಾಲುವೆ ನೀರು ಕುಡಿಸ್ಬೇಡಿ. ಒಳ್ಳೇ ನೀರು ಕುದಿಸಿ ಆರಿಸಿ ಕೊಡಿ. ಜಾಸ್ತಿ ಕೊಡಿ."

"ಒಳ್ಳೇ ನೀರು ಎಲ್ಲಿಂದ ತರ್ಲಿ ಅಮ್ಮ?" ಅನೋರ್ ಕೇಳಿದಳು.

"ಅದನ್ನೂ ನಾನೇ ಹೇಳ್ಬೇಕಾ?"

ಹಿಂದಿನ ವಾರ ಪಕ್ಕದ ಮನೆಯ ಮಗುವನ್ನು ಹೂಳಿದ್ದರು. ಅದರ ಕಣ್ಣೂ ಮೊದಲು ಹೀಗೇ ಹಳದಿಯಾಗಿತ್ತು.

ಅನೋರಳ ಗಂಡ ತಿಲ್ಲೋ. ಈಗ ಗುಜರಿ ಹೊರುತ್ತಿದ್ದ. ಹಳೇ ಸರ್ಕಾರದ ಕಾಲದಲ್ಲಿ ಹತ್ತಿ ಫಾರಂನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವನು. ಇಂಥದ್ದೇ ಎಂಟು ಸಿಲಿಂಡರಿನ ಪೆಟ್ರೋಲ್ ಲಾರಿಗಳನ್ನು ಬಿಚ್ಚಿ ಜೋಡಿಸುತ್ತಲೇ ಅವನ ಮೀಸೆ ಬಂದದ್ದು. ಫಾರಂ ಮುಚ್ಚಿದಾಗ ಮೊದಲು ಮನೆಗೆ ಕಳಿಸಿದ್ದು ಅವನನ್ನೇ. ಯಾಕೆ ಅಂತ ಯಾರೂ ಹೇಳಲಿಲ್ಲ. ಅವನೂ ಕೇಳಲಿಲ್ಲ.

ಆಸ್ಪತ್ರೆಯಿಂದ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಗುಡ್ಡ ಹತ್ತಿದ. ಚಾಪೆ ಮೇಲೆ ಮಲಗಿಸಿದ. ತಿರುಗಿ ನೆಟ್ಟಗೆ ನೀರಿನ ಡಿಪೋಗೆ ಇಳಿದ.

ಡಿಪೋದಲ್ಲಿ ಮೇಲ್ವಿಚಾರಕ ಹಕ್ನಜರ್ ಮಲ್ಬೆರಿ ಮರದ ಕೆಳಗೆ ಹಲಗೆ ಮಂಚದ ಮೇಲೆ ಕೂತು ಕಲ್ಲಂಗಡಿ ತಿನ್ನುತ್ತಿದ್ದ. ಪಕ್ಕದಲ್ಲಿ ಡ್ರೈವರ್ ಶೋದಿ.

"ಸಾಹೇಬ್ರೆ, ಗಾಡಿ ನಾನು ನೋಡ್ತೀನಿ," ಅಂದ ತಿಲ್ಲೋ.

"ನೋಡು, ನೋಡೋಕೇನಂತೆ. ಅಲ್ಲೇ ನಿಂತಿದೆಯಲ್ಲ," ಅಂದ ಶೋದಿ.

"ಬಾನೆಟ್ ಎತ್ತಿ ನೋಡ್ತೀನಿ ಅಂದೆ."

"ಎತ್ತಿ ಇಳಿಸೋಷ್ಟರಲ್ಲಿ ಒಳಗಿನ ಸಾಮಾನು ಒಳಗೇ ಇರುತ್ತಾ, ಇಲ್ಲ ನಿನ್ನ ಹೆಂಡ್ತಿ ಗೋಣೀಲಿರುತ್ತಾ?"

ಇಬ್ಬರೂ ನಕ್ಕರು. ತಿಲ್ಲೋ ನಗು ಮುಗಿಯಲಿ ಅಂತ ಕಾದ. ಈ ನಗು ಮುಗಿಯೋವರೆಗೂ ಕಾಯೋದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ.

ಹಕ್ನಜರನಿಗೂ ಒಳಗೊಳಗೇ ಚಿಂತೆ ಇತ್ತು. ಗಾಡಿ ಈಗೀಗ ಪಟ್ಟಣದ ಸಪಾಟು ರಸ್ತೆಯಲ್ಲೂ ಕೆಮ್ಮುತ್ತಿತ್ತು. ಜಿಲ್ಲೆಯ ದೊಡ್ಡ ಅಧಿಕಾರಿಯ ಮಗಳ ಮದುವೆ ಹತ್ತಿರ ಬಂದಿತ್ತು. ಊರಿಗೆಲ್ಲ ಪಲಾವು, ಅದಕ್ಕೆ ಬೇಕಾಗೋ ನೀರು ಇವನ ತಲೆ ಮೇಲೆ. ಪಟ್ಟಣದ ಮೆಕ್ಯಾನಿಕ್‌ಗಳು ಗಾಡಿ ನೋಡಿ, ಎಂಜಿನ್ನೇ ಬದಲಾಯಿಸಿ ಅಂದು ಹೋಗಿದ್ದರು.

"ಕೂಲಿ ಕೇಳ್ತೀಯೇನೋ?"

"ಬೇಡ ಸಾಹೇಬ್ರೆ. ಗಾಡಿ ಸರಿಹೋದ್ರೆ ಮೊದಲ್ನೇ ಟ್ಯಾಂಕ್ ನೀರು ನಮ್ಮ ಗುಡ್ಡಕ್ಕೆ. ಆಮೇಲೆ ಮೊದಲಿನ ಹಾಗೆ ವಾರಕ್ಕೆರಡು ಸಲ."

"ಅಷ್ಟೇನಾ? ಆಯ್ತು ಹೋಗು."

"ರೊಟ್ಟಿ ಮುಟ್ಟಿ ಹೇಳಿ."

ಹಕ್ನಜರನ ಬಾಯಿ ಅಗಿಯೋದು ನಿಂತಿತು. ರೊಟ್ಟಿ ಮುಟ್ಟಿ ಆಡಿದ ಮಾತು ತಪ್ಪಿದವನು ಈ ಸೀಮೆಯಲ್ಲಿ ಮುಖ ಎತ್ತಿ ತಿರುಗೋ ಹಾಗಿಲ್ಲ. ಶೋದಿ ಕಡೆ ನೋಡಿದ. ಶೋದಿ ಕಣ್ಣು ಹೊಡೆದ. ಆಮೇಲೆ ಹಕ್ನಜರ್ ತಟ್ಟೆಯಲ್ಲಿದ್ದ ದುಂಡು ರೊಟ್ಟಿ ಮೇಲೆ ಅಂಗೈ ಇಟ್ಟ. "ಮೊದಲ್ನೇ ಟ್ಯಾಂಕ್ ಗುಡ್ಡಕ್ಕೆ. ರೊಟ್ಟಿ ಸಾಕ್ಷಿ."

ತಿಲ್ಲೋ ಬಾನೆಟ್ ಎತ್ತಿದ. ಕ್ಯಾಬಿನ್ನಿನ ಬಾಗಿಲಿಗೆ ಕೈ ಹಾಕಿದ್ದೇ ತಡ, ಶೋದಿ ಹಾರಿ ಬಂದ.

"ಏಯ್, ಏಯ್! ಅಲ್ಲಿಗೆ ಹತ್ತಬೇಡ. ನನ್ನ ಹೆಂಡ್ತಿ ಹೊಲಿದ ಹಾಸು ಹಾಕಿದೀನಿ ಸೀಟಿಗೆ."

"ಕಾವಿನ ಮೀಟರ್ ನೋಡ್ಬೇಕಲ್ಲ ಅಣ್ಣ."

"ಮೀಟರ್ ನಾನು ನೋಡ್ತೀನಿ. ನಿನ್ನ ಜಾಗ ಕೆಳಗೆ. ಕೆಳಗಿನದು ನೋಡ್ಕೋ."

"ಸರಿ, ಹಾಗಾದ್ರೆ ಇದೊಂದು ಹೇಳು. ಮೊದ್ಲು ಕಾದು ಆಮೇಲೆ ಮಿಸ್ಸಿಂಗ್ ಬರುತ್ತಾ, ಮೊದ್ಲು ಮಿಸ್ಸಿಂಗ್ ಬಂದು ಆಮೇಲೆ ಕಾಯುತ್ತಾ?"

"ಎರಡೂ ಒಂದೇ ಅಲ್ವೇನೋ?"

"ಒಂದೇ ಅಲ್ಲ ಅಣ್ಣ. ಅದು ಬೇರೆ ರೋಗ, ಇದು ಬೇರೆ ರೋಗ."

ಶೋದಿ ಬೀಡಿ ಹಚ್ಚಿದ. "ಮೊದ್ಲು ಮಿಸ್ಸಿಂಗ್. ಆಮೇಲೆ ಕಾಯುತ್ತೆ. ಮುಳ್ಳು ನೋಡ್ಕೊಂಡೇ ಓಡಿಸ್ತೀನಿ. ನನಗೇ ಡ್ರೈವರಿಕೆ ಹೇಳ್ಕೊಡ್ತೀಯಾ?"

ತಿಲ್ಲೋ ನಂಬಿದ. ನಂಬದೆ ಇರೋಕೆ ಅವನ ಹತ್ತಿರ ಬೇರೆ ದಾರಿ ಇರಲಿಲ್ಲ. ಮೊದಲು ಮಿಸ್ಸಿಂಗ್ ಬರುತ್ತೆ ಅಂದರೆ ಕಿಡಿಯ ದೋಷ. ಕಿಡಿ ತಡವಾಗಿ ಹಾರಿದರೂ ಎಂಜಿನ್ ಕಾಯುತ್ತೆ. ಹುಡುಕಿದ. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನಲ್ಲಿ ಕೂದಲೆಳೆಯ ಬಿರುಕು ಸಿಕ್ಕಿತು. ಎರಡು ವೈರಿನ ರಬ್ಬರ್ ಒಡೆದು ಕಿಡಿ ಹೊರಗೇ ಹಾರುತ್ತಿತ್ತು. ಕಿಡಿ ಹಾರುವ ಟೈಮಿಂಗ್ ಹಿಂದೆ ಬಿದ್ದಿತ್ತು. ರೋಗ ಸಿಕ್ಕಿತು ಅಂದುಕೊಂಡ. ಗುಡ್ಡದ ಗುಜರಿ ರಾಶಿಯಿಂದ ಬೇರೆ ಕ್ಯಾಪು, ಬೇರೆ ವೈರು ತಂದು ಹಾಕಿದ. ಫ್ಯಾನಿನ ಪಕ್ಕ ಕೈ ಇಟ್ಟು ಟೈಮಿಂಗ್ ಕೂರಿಸುತ್ತಿದ್ದಾಗ ಶೋದಿ ಮೇಲಿನಿಂದ ಬೇಕಂತಲೇ ಆಕ್ಸಿಲರೇಟರ್ ಒತ್ತಿದ. ಫ್ಯಾನ್ ಬೆರಳ ತುದಿ ಸವರಿಕೊಂಡು ಹೋಯಿತು. ಉಗುರು ಕಿತ್ತು ರಕ್ತ ಬಂತು.

"ಹೆದರ್ಕೊಂಡ್ಯಾ?" ಅಂತ ನಕ್ಕ ಶೋದಿ.

ತಿಲ್ಲೋ ಬೆರಳಿಗೆ ಗ್ರೀಸ್ ಮೆತ್ತಿ ಕೆಲಸ ಮುಂದುವರಿಸಿದ. ಡಿಪೋದಲ್ಲಿ ನಿಂತ ಗಾಡಿ ಹೊಸದರ ಹಾಗೆ ಉಸಿರಾಡಿತು.

ಟ್ಯಾಂಕರ್ ಬರುತ್ತೆ ಅನ್ನೋ ಸುದ್ದಿ ಗುಡ್ಡದ ಮೇಲೆ ಹಬ್ಬಿತು. ಜನ ಕ್ಯಾನು, ಬಕೆಟ್ಟು, ಪಾತ್ರೆ, ಮಗುವಿನ ತೊಟ್ಟಿ, ಸಿಕ್ಕಿದ್ದೆಲ್ಲ ತಂದು ರಸ್ತೆ ಬದಿ ಸಾಲಿಟ್ಟರು. ಗಾಡಿ ಮೊದಲನೇ ತಿರುವು ಹತ್ತಿತು. ಎರಡನೆಯದಕ್ಕೆ ಬರುವಾಗ ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಎಂಜಿನ್ ಕುಂಟಿತು. ನಿಂತಿತು.

ಶೋದಿ ಇಳಿದು ಬಂದು ಏನು ಮಾಡಿದ ಗೊತ್ತಾ? ಭಾರ ಇಳಿಸಿ ಗಾಡಿ ತಿರುಗಿಸಬೇಕಲ್ಲ, ಹಿಂದಿನ ವಾಲ್ವ್ ತಿರುಗಿಸಿಬಿಟ್ಟ. ಇಡೀ ಟ್ಯಾಂಕ್ ನೀರು ರಸ್ತೆಗೆ ಬಿತ್ತು. ಮೇಲೆ ಅಷ್ಟು ಜನ ನಿಂತು ನೋಡುತ್ತಿದ್ದರು. "ತಡಿಯಪ್ಪಾ, ತಡಿ!" ಅಂತ ಕೂಗುತ್ತಾ ಹೆಂಗಸರು ಇಳಿಜಾರಲ್ಲಿ ಬಿದ್ದು ಎದ್ದು ಓಡಿ ಬಂದರು. ಅವರು ಬಂದು ಮುಟ್ಟೋಷ್ಟರಲ್ಲಿ ಟ್ಯಾಂಕ್ ಖಾಲಿ. ಅನೋರ್ ಗಾಡಿಯ ಗಾಲಿ ಗುರುತಿನಲ್ಲಿ ನಿಂತಿದ್ದ ಕೆಸರು ನೀರನ್ನು ಬೊಗಸೆಯಲ್ಲಿ ಎತ್ತಿ ಕ್ಯಾನಿಗೆ ಹುಯ್ದಳು. ಶೋದಿ ಅವಳ ಪಕ್ಕದಲ್ಲೇ ಗಾಡಿ ಹಿಂದಕ್ಕೆ ತೆಗೆದ.

"ಜೂಗಿ ಕೈ ಇಟ್ಟ ಮೇಲೆ ಇನ್ನೇನಾಗುತ್ತೆ!" ಅಂತ ಕೂಗಿ ಹೋದ.

"ಸರಿಮಾಡಿದೀನಿ ಅಂದ್ಯಲ್ಲ," ಅಂದಳು ಅನೋರ್ ಗಂಡನಿಗೆ. ಕೆಸರು ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ, ಕುದಿಸಿ, ನಿಗೋರಾಳಿಗೆ ಚಮಚದಲ್ಲಿ ಕುಡಿಸಿದಳು. ಮಗು ಕುಡಿದದ್ದನ್ನೆಲ್ಲ ಕಕ್ಕಿತು.

ತಿಲ್ಲೋ ಮತ್ತೆ ಡಿಪೋಗೆ ಹೋದ. ಈ ಸಲ ಬೈಗುಳವೆಲ್ಲ ಮುಗಿಯೋವರೆಗೂ ಬಿಸಿಲಲ್ಲೇ ನಿಂತಿದ್ದ.

"ಸಾಹೇಬ್ರೆ, ನಾನು ಗುಡ್ಡ ಹತ್ತುವಾಗ ಕ್ಯಾಬಿನ್ನಲ್ಲಿ ಕೂರ್ಬೇಕು. ಡಿಪೋದಲ್ಲಿ ನಿಂತ ಗಾಡೀಲಿ ಈ ರೋಗ ಕಾಣಲ್ಲ. ಏರಲ್ಲಿ, ಭಾರದಲ್ಲಿ ಮಾತ್ರ ಕಾಣುತ್ತೆ."

"ಕ್ಯಾಬಿನ್ ವಿಷಯ ಬಿಡು," ಅಂದ ಹಕ್ನಜರ್. "ಪಟ್ಟಣದ ಜನ ಕುಡಿಯೋ ನೀರಿನ ಗಾಡಿ ಅದು. ನೀನು ಮುಂದೆ ಕೂತಿದ್ದನ್ನ ಯಾರಾದ್ರೂ ನೋಡಿದ್ರೆ ನಾಳೆ ನಾನು ಉತ್ತರ ಹೇಳ್ಬೇಕು."

"ಫುಟ್‌ಬೋರ್ಡ್ ಮೇಲೆ ನಿಲ್ತೀನಿ."

"ಅದೂ ಬೇಡ. ಓಡಿ ಬಾ. ಏರಲ್ಲಿ ಗಾಡಿ ಎಷ್ಟು ಜೋರಾಗಿ ಹೋಗುತ್ತೆ, ಮಹಾ!"

ತಿಲ್ಲೋ ಓಡಿದ. ಹೌದು, ಓಡಿದ. ಟ್ಯಾಂಕರ್ ಮೊದಲ ಗೇರಿನಲ್ಲಿ ಏದುಸಿರು ಬಿಡುತ್ತಾ ಗುಡ್ಡ ಹತ್ತಿದರೆ, ಅದರ ಪಕ್ಕ ಐವತ್ತು ದಾಟಿದ ಒಬ್ಬ ಗಂಡಸು ಕಿವಿ ಕೊಟ್ಟುಕೊಂಡು ಓಡಿದ. ಒಮ್ಮೆ ಎಂಜಿನ್ ಪಕ್ಕ, ಒಮ್ಮೆ ಸೈಲೆನ್ಸರ್ ಪಕ್ಕ. ಧೂಳು ಬಾಯಿಗೆ ಹೋಯಿತು. ಹೊಗೆ ಎದೆಗೆ ಹೋಯಿತು. ಶೋದಿ ಕಿಟಕಿಯಿಂದ ಮೊಣಕೈ ಹೊರಗೆ ಹಾಕಿ, ಕಾಲುವೆ ದಂಡೆಯಲ್ಲಿ ಕೂತಿದ್ದವರಿಗೆ, "ನೋಡ್ರೋ, ನನ್ನ ನಾಯಿ ಎಷ್ಟು ನಿಯತ್ತಾಗಿ ಬರ್ತಿದೆ!" ಅಂತ ಕೂಗಿದ. ಅವರು ಚಪ್ಪಾಳೆ ತಟ್ಟಿದರು. ತಿಲ್ಲೋಗೆ ಅದು ಕೇಳಿಸಿತು. ಕೇಳಿಸಿಕೊಳ್ಳೋಕೆ ಪುರಸೊತ್ತಿರಲಿಲ್ಲ. ಸೈಲೆನ್ಸರ್ ಬಾಯಿಂದ ಬರುತ್ತಿದ್ದದ್ದು ಬೆಳ್ಳಗಿತ್ತು. ಹೊಗೆಯಲ್ಲ, ಹಬೆ. ಕೈ ಒಡ್ಡಿದ. ಅಂಗೈ ಒದ್ದೆಯಾಯಿತು. ಎಂಜಿನ್ ಇನ್ನೂ ಕುಂಟಿರಲಿಲ್ಲ.

ಎರಡನೇ ತಿರುವಿನಲ್ಲಿ ಗಾಡಿ ಮತ್ತೆ ನಿಂತಿತು. ತಿಲ್ಲೋ ಅಂಗಿ ಬಿಚ್ಚಿ ಕೈಗೆ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳ ತಿರುಗಿಸಿದ. ಆರೋವರೆಗೆ ಕಾಯಬೇಕಿತ್ತು. ಗೊತ್ತಿತ್ತು. ಆದರೆ ಶೋದಿ ವಾಲ್ವ್ ಹತ್ತಿರ ಹೋಗುತ್ತಿದ್ದ, ಮತ್ತೆ ನೀರು ಚೆಲ್ಲೋಕೆ. ಕುದಿ ನೀರು ಉಕ್ಕಿ ಮೊಣಕೈವರೆಗೆ ಸುಟ್ಟಿತು. "ಚೆಲ್ಲಬೇಡ ಅಣ್ಣ, ಅದೇ ನೀರು ಹಾಕಿ ಆರಿಸೋಣ, ಸ್ಟಾರ್ಟ್ ಮಾಡು," ಅಂತ ಹಲ್ಲು ಕಚ್ಚಿಕೊಂಡು ಹೇಳಿದ. ನೀರು ತುಂಬಿಸಿ, ಎಂಜಿನ್ ಓಡಿಸಿ ಬಾಯೊಳಗೆ ನೋಡಿದರೆ ರೇಡಿಯೇಟರಿನ ನೀರಿನಲ್ಲಿ ಗುಳ್ಳೆ. ಒಂದಾದ ಮೇಲೊಂದು, ಕುದಿಯದ ನೀರಿನಲ್ಲೂ ಗುಳ್ಳೆ. ಸಿಲಿಂಡರಿನ ಬೆಂಕಿ ಗಾಳಿ ನೀರಿನ ದಾರಿಗೆ ನುಗ್ಗುತ್ತಿತ್ತು.

ಪ್ಲಗ್‌ಗಳನ್ನು ಬಿಚ್ಚಿ ಫೆಂಡರ್ ಮೇಲೆ ಸಾಲಾಗಿಟ್ಟ. ಉಳಿದವೆಲ್ಲ ಮಸಿ ಹಿಡಿದಿದ್ದವು. ಎಡಗಡೆಯ ಎರಡು, ಅಕ್ಕಪಕ್ಕದವು, ಈಗಷ್ಟೇ ತೊಳೆದಿಟ್ಟ ಲೋಟದ ಹಾಗೆ ಬೆಳ್ಳಗಿದ್ದವು. ಒಳಗೆ ಸೋರಿದ ನೀರು ಅವನ್ನು ದಿನಾ ಹಬೆಯಲ್ಲಿ ತೊಳೆಯುತ್ತಿತ್ತು.

"ಹೆಡ್ ಗ್ಯಾಸ್ಕೆಟ್ ಸುಟ್ಟಿದೆ, ಎಂಜಿನ್ ಮುಚ್ಚಳದ ಕೆಳಗಿನ ಪಟ್ಟಿ," ಅಂದ. "ಮೊದ್ಲು ಕಾದಿದೆ ಅಣ್ಣ. ಆಮೇಲೆ ಮಿಸ್ಸಿಂಗ್ ಬಂದಿದೆ. ನೀನು ತಿರುಗುಮುರುಗು ಹೇಳ್ದೆ. ಮುಳ್ಳು ನೋಡ್ತಿರ್ಲಿಲ್ವಾ?"

ಶೋದಿ ಬೀಡಿ ಎಸೆದ. "ಮುಳ್ಳೆಲ್ಲಿ ನೋಡ್ಲಿ? ಅದು ಕೆಟ್ಟು ಎಷ್ಟೋ ಕಾಲ ಆಯ್ತು."

ತಿಲ್ಲೋ ಸುಟ್ಟ ಕೈ ಎತ್ತಿ ಹಿಡಿದು ಕ್ಯಾಬಿನ್ ಕಡೆ ನೋಡಿದ. ಒಂದು ಸಲ, ಒಂದೇ ಒಂದು ಸಲ ಆ ಸೀಟಿನಲ್ಲಿ ಕೂತಿದ್ದರೆ ಸತ್ತ ಮುಳ್ಳು ಅವನಿಗೆ ಆಗಲೇ ಕಾಣುತ್ತಿತ್ತು. ಒಂದು ಟ್ಯಾಂಕ್ ನೀರು ಮಣ್ಣುಪಾಲಾಗುತ್ತಿರಲಿಲ್ಲ. ಮಗಳ ಹೊಟ್ಟೆಗೆ ಕೆಸರು ಹೋಗುತ್ತಿರಲಿಲ್ಲ. ಯಾರೋ ಹೆಂಗಸು ಹೊಲಿದ ಹಾಸು ಕೊಳೆಯಾಗಬಾರದು ಅಂತ ಇಷ್ಟೆಲ್ಲ! ಥೂ.

ಗಾಡಿ ಸರಿಹೋದ ಮೇಲಷ್ಟೇ ನೀರು ಅಂತ ಶೋದಿ ಒಂದು ಕ್ಯಾನು ತುಂಬಿಸೋಕೂ ಬಿಡದೆ ಗಾಡಿಯನ್ನು ಡಿಪೋಗೆ ಇಳಿಸಿದ. ಅಲ್ಲಿ ರೇಡಿಯೇಟರ್ ಬಿಚ್ಚಿ ತಿರುಗಿಸಿ ನೀರು ಬಿಟ್ಟರೆ ತಳದಿಂದ ಹೂಳು ಬಿತ್ತು. ಬೊಗಸೆಗಟ್ಟಲೆ ಹೂಳು, ಜೊತೆಗೆ ಪಾಚಿ. ಡಿಪೋದಲ್ಲಿ ಒಳ್ಳೇ ನೀರಿನ ನಲ್ಲಿ ಇದ್ದರೂ, ಅಷ್ಟು ದೂರ ಬಕೆಟ್ ಹೊರೋಕೆ ಸೋಮಾರಿತನ ಪಟ್ಟು ಶೋದಿ ವರ್ಷಗಟ್ಟಲೆ ದಾರಿಬದಿಯ ಕಾಲುವೆ ನೀರನ್ನೇ ರೇಡಿಯೇಟರಿಗೆ ಹುಯ್ದಿದ್ದ. ಮುಗತ್ ಮಕ್ಕಳಿಗೆ ಬಂದ ರೋಗ ಗಾಡಿಗೂ ಬಂದಿತ್ತು. ಗಾಡಿಯ ರೋಗಕ್ಕೆ ಮದ್ದು ಹುಡುಕೋರು ಇದ್ದರು, ಅಷ್ಟೇ ವ್ಯತ್ಯಾಸ.

ಹೆಡ್ ಬಿಚ್ಚಿದ. ಒಬ್ಬನೇ ಬಿಚ್ಚಿದ. ಹಳೇ ಬೋಲ್ಟುಗಳು ಕೂಗುತ್ತಿದ್ದವು, ಸುಟ್ಟ ಕೈಯ ಗುಳ್ಳೆ ಒಡೆದು ಸ್ಪ್ಯಾನರ್ ಜಾರುತ್ತಿತ್ತು. ಎರಡು ಸಿಲಿಂಡರಿನ ನಡುವೆ ಗ್ಯಾಸ್ಕೆಟ್ ಕರಿದ ಹಪ್ಪಳದ ಹಾಗೆ ಪುಡಿಯಾಗಿತ್ತು. ಹೆಡ್ ಕಾದು ಸೊಟ್ಟಗಾಗಿತ್ತು. ದಪ್ಪ ಗಾಜಿನ ಮೇಲೆ ವಾಲ್ವ್ ಉಜ್ಜುವ ಪೇಸ್ಟ್ ಹಚ್ಚಿ, ಆ ಭಾರದ ಹೆಡ್ಡನ್ನು ಮಂಡಿಯೂರಿ ಉಜ್ಜಿದ. ಎಂಟಂಕಿ ಬರೆದ ಹಾಗೆ ತಿರುಗಿಸಿ ಉಜ್ಜಿದ. ಎದ್ದಾಗ ಸೊಂಟ ನೆಟ್ಟಗಾಗಲಿಲ್ಲ. ಗ್ಯಾಸ್ಕೆಟ್ಟನ್ನು ಅನೋರ್ ತಂದುಕೊಟ್ಟಳು. ಮುಚ್ಚಿದ ಫಾರಂನ ಉಗ್ರಾಣ ಕೆಡವಿದಾಗ ಸಿಕ್ಕಿದ್ದು, ಕವರ್ ಬಿಚ್ಚದ್ದು. ಯಾವತ್ತೋ ಬೇಕಾಗುತ್ತೆ ಅಂತ ಗೋಡೆಗೆ ನೇತು ಹಾಕಿದ್ದಳು.

"ಮಗು ಹೇಗಿದೆ?"

"ಉಚ್ಚೆ ಚಹಾದ ಬಣ್ಣ ಬರ್ತಿದೆ. ಬೇಗ ಮುಗಿಸು."

ಮುಗಿಸಿದ. ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ ಸರದಿಯಂತೆ ಬಿಗಿದ. ಸ್ಟಾರ್ಟ್ ಮಾಡಿಸಿದ. ಎಂಟೂ ಸಿಲಿಂಡರ್ ಒಂದೇ ಉಸಿರಿನಲ್ಲಿ ಓಡಿದವು. ರೇಡಿಯೇಟರಿನಲ್ಲಿ ಒಂದು ಗುಳ್ಳೆ ಇಲ್ಲ. ಹಕ್ನಜರ್ ಬಂದು ಕಿವಿ ಕೊಟ್ಟು ಕೇಳಿದ. ಅವನಿಗೂ ಖುಷಿಯಾಯಿತು, ಸುಳ್ಳು ಹೇಳಬಾರದು. "ಭೇಷ್ ಕಣೋ ಜೂಗಿ," ಅಂದ. ಟ್ಯಾಂಕ್ ತುಂಬಿಸೋಕೆ ಪೈಪ್ ಹಾಕಿಸಿದ.

ನೀರು ತುಂಬೋ ಸದ್ದು ಕೇಳುತ್ತಾ ತಿಲ್ಲೋ ನೆಲದ ಮೇಲೆ ಕೂತ. ಟ್ಯಾಂಕ್ ತುಂಬಿತು. ಶೋದಿ ಎಂಜಿನ್ ಓಡುತ್ತಿರುವಾಗಲೇ ಇಳಿದು ಕೈ ತೊಳೆಯೋಕೆ ನಲ್ಲಿ ಕಡೆ ಹೋದ. ಹೋಗ್ತಾ, "ಮದುವೆ ಮನೆಗೆ ಹಿಂದಿನ ಗೇಟಿಂದ ಹೋಗ್ಲಾ, ಮುಂದಿನ ಗೇಟಿಂದ ಹೋಗ್ಲಾ ಸಾಹೇಬ್ರೆ?" ಅಂತ ಕೇಳಿದ.

ತಿಲ್ಲೋ ಎದ್ದ. "ಗುಡ್ಡಕ್ಕಲ್ವಾ ಸಾಹೇಬ್ರೆ?"

"ಹೋಗೋಣ ಬಿಡೋ. ಮದುವೆ ಮುಗೀಲಿ."

"ಮದುವೆ ಎಷ್ಟು ದಿನ?"

"ಮದುವೆ ಅಂದ್ಮೇಲೆ ಮೂರ್ನಾಲ್ಕು ದಿನ ಇದ್ದೇ ಇರುತ್ತೆ. ಅಂಗಳಕ್ಕೆ ಬೇರೆ ನೀರು ಚಿಮುಕಿಸ್ಬೇಕು."

"ನನ್ನ ಮಗಳಿಗೆ ಅಷ್ಟು ದಿನ ಇಲ್ಲ ಸಾಹೇಬ್ರೆ. ಮೊದಲ್ನೇ ಟ್ಯಾಂಕ್ ನಮಗೆ ಅಂದ್ರಿ. ರೊಟ್ಟಿ ಮುಟ್ಟಿ ಹೇಳಿದ್ರಿ."

ಹಕ್ನಜರ್ ಕೋಪ ಮಾಡಿಕೊಳ್ಳಲಿಲ್ಲ. ಅದೇ ಉರಿಯೋದು. ಮಗುವಿಗೆ ಬುದ್ಧಿ ಹೇಳೋ ಹಾಗೆ ನಕ್ಕು ಹೇಳಿದ. "ರೊಟ್ಟಿ ಆಣೆ ಮನುಷ್ಯ ಮನುಷ್ಯರ ನಡುವೆ ಕಣೋ. ಜೂಗಿಗೆ ಕೊಟ್ಟ ಮಾತನ್ನ ಯಾವ ರೊಟ್ಟಿ ಲೆಕ್ಕಕ್ಕಿಡುತ್ತೆ?"

ಇಷ್ಟು ದಿನ ನಗು ಮುಗಿಯಲಿ ಅಂತ ಕಾದವನು ಇವತ್ತು ಕಾಯಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಹಾಕಿದ. ಅದನ್ನು ಎತ್ತಿ ಹಕ್ನಜರನ ತಲೆಗೆ ಹೊಡೆಯಬಹುದಿತ್ತು. ಆ ಆಸೆಯೂ ಬಂತು. ಆದರೆ ತಲೆ ಒಡೆದರೆ ನೀರು ಬರೋಲ್ಲ. ತಿರುಗಿ ನಾಲ್ಕು ಹೆಜ್ಜೆ ನಡೆದು ಕ್ಯಾಬಿನ್ ಬಾಗಿಲು ತೆಗೆದ. ಕಸೂತಿ ಹಾಸಿನ ಮೇಲೆ, ಗ್ರೀಸು ರಕ್ತ ಬೆವರು ಎಲ್ಲ ಹತ್ತಿದ ಪ್ಯಾಂಟಿನಲ್ಲಿ, ಹತ್ತಿ ಕೂತ. ಗೇರ್ ಹಾಕಿದ.

"ಏಯ್! ಏಯ್ ಇಳಿಯೋ!"

ಒದ್ದೆ ಕೈಯಲ್ಲೇ ಓಡಿ ಬಂದ ಶೋದಿ ಫುಟ್‌ಬೋರ್ಡ್ ಹಿಡಿಯೋಕೆ ನೋಡಿದ. ತಿಲ್ಲೋ ಕಿಟಕಿಯಿಂದ ತಲೆ ಹಾಕಿ, "ಓಡಿ ಬಾ ಅಣ್ಣ, ಏರಲ್ಲಿ ಗಾಡಿ ಜೋರಾಗಿ ಹೋಗಲ್ಲ," ಅಂದ. ಗೇಟ್ ತೆರೆದೇ ಇತ್ತು. ಮದುವೆ ಮನೆಗೆ ಅಂತ ತೆರೆದಿಟ್ಟಿದ್ದು.

ಪಟ್ಟಣದ ಬೀದಿಯಲ್ಲಿ ಜನ ನಿಂತು ನೋಡಿದರು. ಸ್ಟೀರಿಂಗ್ ಹಿಂದೆ ಜೂಗಿ. ಅವನು ಯಾರ ಕಡೆಗೂ ನೋಡಲಿಲ್ಲ. ಏರು ಶುರುವಾಯಿತು. ಮುಳ್ಳು ಸತ್ತು ಬಿದ್ದಿತ್ತು, ಕಿವಿಯೊಂದೇ ಗತಿ. ಮೊದಲನೇ ತಿರುವು. ಎಂಜಿನ್ ಗಟ್ಟಿಯಾಗಿ ದುಡಿಯುತ್ತಿತ್ತು. ಎರಡನೇ ತಿರುವು ಬಂತು. ಇಲ್ಲಿ ನಿಂತರೆ ಮುಗಿಯಿತು. ಮಗಳ ಕಥೆಯೂ ಮುಗಿಯಿತು, ತನ್ನ ಕಥೆಯೂ ಮುಗಿಯಿತು. "ನಡಿಯೇ ತಾಯಿ, ನಡಿ," ಅಂತ ಡ್ಯಾಶ್‌ಬೋರ್ಡ್ ತಟ್ಟಿದ. ಹಬೆ ಏಳಲಿಲ್ಲ. ಒಂದು ಸಿಲಿಂಡರೂ ತಪ್ಪಲಿಲ್ಲ. ಮೂರನೇ ತಿರುವು ದಾಟಿ ಟ್ಯಾಂಕರ್ ಮುಗತ್ ಕೇರಿಯ ನಡುವೆ ಬಂದು ನಿಂತಿತು.

ಜನ ಮೊದಲು ಹತ್ತಿರ ಬರಲಿಲ್ಲ. ಹೆದರಿದರು. ತಿಲ್ಲೋ ಇಳಿದು ವಾಲ್ವ್ ತಿರುಗಿಸಿ, "ನೋಡ್ತಾ ನಿಂತಿದೀರಲ್ಲ, ಹಿಡೀರಿ! ಅವರು ಬರೋಷ್ಟರಲ್ಲಿ ಹಿಡೀರಿ!" ಅಂತ ಕೂಗಿದ. ಆಮೇಲೆ ನೋಡಬೇಕಿತ್ತು. ತಳ್ಳಾಟ, ಬೈಗುಳ, ನಗು. ಅನೋರ್ ಮೊದಲ ಕ್ಯಾನು ಹಿಡಿದವಳೇ ಮನೆಗೆ ಓಡಿದಳು. ಒಲೆ ಹಚ್ಚಿದಳು. ಕುದಿಸಿ, ಒಂದು ಬಟ್ಟಲಿಂದ ಇನ್ನೊಂದಕ್ಕೆ ಹುಯ್ದು ಆರಿಸಿ ನಿಗೋರಾಳಿಗೆ ಕುಡಿಸಿದಳು. ಮಗು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿಯಿತು. ಇನ್ನೂ ಬೇಕು ಅಂದಿತು. ಕಕ್ಕಲಿಲ್ಲ.

ಟ್ಯಾಂಕ್ ಬರಿದಾಗಿ ವಾಲ್ವ್ ತೊಟ್ಟಿಕ್ಕುತ್ತಿದ್ದಾಗ ಅವರು ಬಂದರು. ಹಕ್ನಜರ್, ಶೋದಿ, ಒಬ್ಬ ಪೊಲೀಸಿನವನು. ಅವರ ಸಣ್ಣ ಕಾರು ಆ ಹಳ್ಳ ದಿಣ್ಣೆಯ ದಾರಿ ಹತ್ತದೆ ಕೆಳಗೇ ಉಳಿದಿತ್ತು. ನಡೆದೇ ಹತ್ತಿದ್ದರು. ಬಿಸಿಲಿಗೆ ಹಕ್ನಜರನ ಮುಖ ಕೆಂಪಾಗಿ, ನಾಲಿಗೆ ಒಣಗಿ, ಬೈಯೋಕೂ ಬಾಯಿ ತಿರುಗುತ್ತಿರಲಿಲ್ಲ.

"ಸರ್ಕಾರಿ ಗಾಡಿ ಕದ್ದಿದೀಯ," ಅಂದ ಪೊಲೀಸಿನವನು.

"ಗಾಡಿ ಇಲ್ಲೇ ಇದೆ," ಅಂದ ತಿಲ್ಲೋ.

"ನೀರು?"

"ಕುಡಿದಿದೀವಿ."

ಪೊಲೀಸಿನವನು ಬೇಡಿ ಹಾಕಿದ. ಸುಟ್ಟ ಚರ್ಮದ ಮೇಲೆ ಕಬ್ಬಿಣ ಕೂತಾಗ ತಿಲ್ಲೋ ಕಣ್ಣು ಮುಚ್ಚಿದ. ಶೋದಿ ಕ್ಯಾಬಿನ್ನಿಗೆ ಹೋಗಿ ಹಾಸು ನೋಡಿ, "ಅಯ್ಯಯ್ಯೋ, ಹಾಳ್ಮಾಡ್ದ ನನ್ಮಗ," ಅಂತ ಅದನ್ನು ಎತ್ತಿ ಹೊರಗೆಸೆದ.

"ಶೋದಿ ಅಣ್ಣ," ಅಂದ ತಿಲ್ಲೋ, "ಹೊಸ ಗ್ಯಾಸ್ಕೆಟ್ ಹಾಕಿ ಏರು ಹತ್ತಿಸಿದೀವಿ. ಎಂಜಿನ್ ಪೂರ್ತಿ ತಣ್ಣಗಾದ್ಮೇಲೆ ಹೆಡ್ ಬೋಲ್ಟು ಇನ್ನೊಂದ್ಸಲ ಬಿಗೀಬೇಕು. ಇಲ್ದಿದ್ರೆ ಮತ್ತೆ ಸುಡುತ್ತೆ. ಬಿಸೀಲಿ ಬಿಗಿದ್ರೆ ಹೆಡ್ಡೇ ಹೋಗುತ್ತೆ."

"ಯಾರು ಬಿಗೀಬೇಕು?" ಅಂದ ಹಕ್ನಜರ್ ಗಾಬರಿಯಿಂದ. ಕೆಳಗೆ ಮದುವೆಯ ಹಂಡೆಗಳು ಖಾಲಿ ಕಾಯುತ್ತಿದ್ದವು. "ನೀನೇ ಬಂದು ಬಿಗಿ. ಕೇಸ್ ವಿಷಯ ಆಮೇಲೆ ಮಾತಾಡೋಣ."

"ಬಿಗೀತೀನಿ. ಆದ್ರೆ ಡಿಪೋದಲ್ಲಿ ಅಲ್ಲ. ವಾರಕ್ಕೆರಡು ಸಲ ಗಾಡಿ ಇಲ್ಲಿಗೆ ಬರ್ಲಿ. ಇಲ್ಲಿ ಬಿಗೀತೀನಿ."

"ಜೂಗಿ ನನಗೇ ಷರತ್ತು ಹಾಕ್ತೀಯಾ?"

"ಹೂಂ."

ಏರು ಹತ್ತಿ ದಣಿದಿದ್ದ ಹಕ್ನಜರ್ ತಿಲ್ಲೋನ ಮನೆ ಮುಂದಿನ ಹಲಗೆ ಮೇಲೆ ಕುಸಿದು ಕೂತ. ಹುಟ್ಟಿದ ಮೇಲೆ ಮೊದಲ ಸಲ ಒಂದು ಮುಗತ್ ಮನೆಯ ಮುಂದೆ ಕೂತಿದ್ದ. "ಕುಡಿಯೋಕೆ ಏನಾದ್ರೂ ಕೊಡ್ರೇ," ಅಂದ.

ಅನೋರ್ ಒಳಗಿಂದ ಕೆಟಲು, ಬಟ್ಟಲು ತಂದಳು. ಬಾಗಿಲಿಗೆ ಬಂದವನು ಶತ್ರುವಾದರೂ ಚಹಾ ಕೊಡಲೇಬೇಕು, ಅದು ತಪ್ಪುವ ಹಾಗಿಲ್ಲ. ಬಟ್ಟಲಿಗೆ ಎಷ್ಟು ಹುಯ್ಯಬೇಕು ಅನ್ನೋದು ಮಾತ್ರ ಹುಯ್ಯುವವಳ ಕೈಯಲ್ಲಿದೆ. ಬೇಕಾದವರಿಗೆ ಅರ್ಧ ಬಟ್ಟಲು. ಕೂರಿ, ಮುಗಿದ ಮೇಲೆ ಮತ್ತೆ ಹುಯ್ಯುತ್ತೀನಿ ಅಂತ ಅರ್ಥ. ಅಂಚಿನವರೆಗೆ ತುಂಬಿ ಕೊಟ್ಟ ಬಟ್ಟಲಿಗೆ ಒಂದೇ ಅರ್ಥ. ಕುಡಿದು ಎದ್ದು ಹೋಗು. ಇದು ಈ ಸೀಮೆಯ ಎಳೇ ಮಗುವಿಗೂ ಗೊತ್ತು.

ಅನೋರ್ ಹುಯ್ದಳು. ಅರ್ಧಕ್ಕೆ ನಿಲ್ಲಿಸಲಿಲ್ಲ. ಮುಕ್ಕಾಲಿಗೂ ನಿಲ್ಲಿಸಲಿಲ್ಲ. ಚಹಾ ಅಂಚು ಮುಟ್ಟಿತು, ಉಬ್ಬಿ ನಿಂತಿತು, ಅವಳ ಬೆರಳ ಮೇಲೆ ಹರಿಯಿತು. ಬಿಸಿಯಾಗಿತ್ತು. ಅವಳು ಕೈ ಎಳೆದುಕೊಳ್ಳಲಿಲ್ಲ. ಹಾಗೇ ಎತ್ತಿ ಹಕ್ನಜರನ ಮುಂದೆ ಹಿಡಿದಳು.

ಕೇರಿಗೆ ಕೇರಿಯೇ ನೋಡುತ್ತಿತ್ತು. ಪೊಲೀಸಿನವನು ಬೇರೆ ಕಡೆ ಮುಖ ತಿರುಗಿಸಿದ. ಹಕ್ನಜರ್ ಬಟ್ಟಲನ್ನು ನೋಡಿದ, ಅವಳನ್ನು ನೋಡಿದ. "ನೀನು... ನನಗೆ..." ಅಂದ.

"ತಗೊಳ್ಳಿ ಸಾಹೇಬ್ರೆ," ಅಂದಳು ಅನೋರ್.

ಅವನು ತೆಗೆದುಕೊಳ್ಳಲಿಲ್ಲ. ಒಣಗಿದ ಬಾಯಲ್ಲೇ ಎದ್ದ. ಏಳುವಾಗ ಹಲಗೆ ಹಿಡಿದುಕೊಂಡು ಎದ್ದ.

ಅನೋರ್ ಆ ಬಟ್ಟಲನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದಳು. ಅದಕ್ಕೆ ಅರ್ಧ ಹುಯ್ದಳು. ಅರ್ಧಕ್ಕೆ ಸರಿಯಾಗಿ ನಿಲ್ಲಿಸಿ, ಬೇಡಿ ಹಾಕಿದ ಗಂಡನ ಕೈಗೆ ಕೊಟ್ಟಳು.

"ನಡಿ, ನಡಿ," ಅಂದ ಪೊಲೀಸಿನವನು.

"ಕುಡೀತಾ ಇದೀನಿ," ಅಂದ ತಿಲ್ಲೋ.

ನಿಧಾನಕ್ಕೆ ಕುಡಿದ. ಊದಿ ಊದಿ ಕುಡಿದ. ಅವನು ಮುಗಿಸೋವರೆಗೂ ಮೂವರೂ ಬಿಸಿಲಲ್ಲಿ ನಿಂತು ಕಾದರು.